ಗಾಯ ಮಾಯಿತೆಂದು ಹೇಳುವವರು ಯಾರು?



ಗಣಿ ಶುರುವಾಗುವಾಗ ಊರಿಗೆಲ್ಲ ಸುದ್ದಿಯಾಗುತ್ತದೆ. ಶಂಕುಸ್ಥಾಪನೆ, ಭಾಷಣ, ಕೆಲಸ ಸಿಕ್ಕೀತೆಂಬ ಆಸೆ ಎಲ್ಲವೂ ಇರುತ್ತವೆ. ಗಣಿ ಮುಚ್ಚುವಾಗಲೂ ಸುದ್ದಿಯಾಗುತ್ತದೆ. ಕೋರ್ಟಿನ ತೀರ್ಪು, ಮೆರವಣಿಗೆ, ಕೆಲಸ ಕಳೆದುಕೊಂಡವರ ಸಂಕಟ ಪತ್ರಿಕೆಯ ಮುಖಪುಟದಲ್ಲಿ ಬರುತ್ತವೆ. ಆಮೇಲೆ ಉಳಿಯುವುದು ಬಗೆದ ಗುಡ್ಡ, ಹೂಳು ತುಂಬಿದ ಕಣಿವೆ, ಮಳೆ ಬಂದರೆ ಕೆಂಪಾಗುವ ಹಳ್ಳ. ಅವು ಸುದ್ದಿಯಾಗುವುದಿಲ್ಲ. ಅವುಗಳ ಪಕ್ಕದಲ್ಲೇ ತಲೆಮಾರುಗಳಿಂದ ಬದುಕಿರುವ ಬುಡಕಟ್ಟಿನ ಜನರೂ ಸುದ್ದಿಯಾಗುವುದಿಲ್ಲ. ಆ ನೆಲವನ್ನು ಸರಿಪಡಿಸುವ ಕೆಲಸದಲ್ಲಿ ಕಂಪನಿಯ ಪಾಲೆಷ್ಟು, ಸರ್ಕಾರದ ಪಾಲೆಷ್ಟು, ಅಲ್ಲಿನ ಮೂಲನಿವಾಸಿಗಳ ಪಾಲೆಷ್ಟು? ಎಲ್ಲಕ್ಕಿಂತ ಮುಖ್ಯವಾಗಿ, ಆ ನೆಲ ಸರಿಹೋಯಿತು, ಗಾಯ ಮಾಯಿತು ಎಂದು ಹೇಳುವ ಅಧಿಕಾರ ಯಾರದು? ಈ ಹೊತ್ತಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಭದ್ರಾವತಿ ಮತ್ತು ಶಿವಮೊಗ್ಗದಲ್ಲಿ ಕುಳಿತ ನಮಗೆ ಇದು ದೂರದ ಪ್ರಶ್ನೆಯಲ್ಲ. ಭದ್ರಾವತಿಯ ಹುಟ್ಟೇ ಅದಿರಿನ ಜೊತೆ ಬೆಸೆದುಕೊಂಡಿದೆ. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ, ಭದ್ರಾ ನದಿಯ ದಡದಲ್ಲಿ, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಅದರ ಆಡಳಿತವನ್ನು ಹೊತ್ತು ನಷ್ಟದ ದಿನಗಳಿಂದ ಮೇಲೆತ್ತಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅದಿರು ಬರುತ್ತಿದ್ದುದು ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ಗುಡ್ಡದ ನೆತ್ತಿಯಿಂದ ತಣಿಗೆಬೈಲಿನ ತನಕ ಹಗ್ಗದ ದಾರಿಯಲ್ಲಿ ತೊಟ್ಟಿಗಳು ತೂಗಾಡುತ್ತಾ ಇಳಿಯುತ್ತಿದ್ದವು. ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ. ಅದಿರು ಕರಗಿಸಲು ಕಲ್ಲಿದ್ದಲು ಹತ್ತಿರದಲ್ಲಿ ಇರಲಿಲ್ಲ, ಹಾಗಾಗಿ ಮಲೆನಾಡಿನ ಕಾಡಿನ ಮರವೇ ಇದ್ದಿಲಾಗಿ ಕುಲುಮೆಗೆ ಬಿತ್ತು. ಸಾವಿರಾರು ಮನೆಗಳ ಒಲೆ ಉರಿದದ್ದು, ಮಕ್ಕಳು ಓದಿದ್ದು, ಈ ಊರು ಊರಾದದ್ದು ಆ ಕಾರ್ಖಾನೆಯಿಂದ. 2023ರ ಜನವರಿಯಲ್ಲಿ ಅದನ್ನು ಮುಚ್ಚುತ್ತಾರೆಂಬ ಸುದ್ದಿ ಬಂದಾಗ ಕಾರ್ಮಿಕರು ಬೀದಿಗಿಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಅವರ ನೋವು ದಿಟವಾದದ್ದು. ಅದಿರಿಲ್ಲದೆ ನಾಗರಿಕತೆ ನಡೆಯದು ಎಂಬುದೂ ದಿಟ. ಹಾಗಾಗಿ ಗಣಿಯೇ ಪಾಪವೆಂದು ನಾನು ಹೇಳಲು ಬಂದಿಲ್ಲ. ತೆಗೆದುಕೊಂಡವರು ಹಿಂದಿರುಗಿಸಬೇಕಾದ ಋಣದ ಬಗ್ಗೆ ಹೇಳಲು ಬಂದಿದ್ದೇನೆ.

ಆ ಋಣ ಎಲ್ಲಿದೆ ಎಂದು ನೋಡಲು ಭದ್ರೆಯ ಜೊತೆ ಮೇಲಕ್ಕೆ ಹೋಗಬೇಕು. ಭದ್ರಾವತಿಯಿಂದ ಮೇಲೆ ಲಕ್ಕವಳ್ಳಿಯ ಅಣೆಕಟ್ಟು. ಅದರ ಹಿನ್ನೀರು ನರಸಿಂಹರಾಜಪುರದವರೆಗೆ ಹಬ್ಬಿದೆ. ಇನ್ನೂ ಮೇಲೆ ಬಾಳೆಹೊನ್ನೂರು, ಕಳಸ, ಕೊನೆಗೆ ಕುದುರೆಮುಖದ ಗಂಗಾಮೂಲ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಬೆಟ್ಟಸಾಲು ಅದು. ಆ ಬೆಟ್ಟಗಳ ಒಡಲಲ್ಲಿ ಕಬ್ಬಿಣದ ಅದಿರಿತ್ತು. ಅದನ್ನು ತೆಗೆಯಲು 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಇರಾನಿನ ಷಾ ಸರ್ಕಾರ ಸಾಲ ಕೊಟ್ಟು ಅದಿರನ್ನೂ ಕೊಳ್ಳುವ ಒಪ್ಪಂದ ಮಾಡಿಕೊಂಡಿತ್ತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಒಪ್ಪಂದ ಮುರಿದುಬಿದ್ದರೂ ಗಣಿ ನಿಲ್ಲಲಿಲ್ಲ. ಗುತ್ತಿಗೆಗೆ ಬಂದ ಭೂಮಿ 4,600 ಹೆಕ್ಟೇರಿಗೂ ಮೇಲೆ. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಕಬ್ಬಿಣ ತೆಗೆದು ಉಳಿದ ಕೆಸರನ್ನು ತಡೆಹಿಡಿಯಲು ಲಖ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಇಂದಿಗೂ ಆ ಕಣಿವೆಯ ತುಂಬ ಆ ಕೆಸರೇ ಇದೆ.

ಅಲ್ಲಿ ಜನರಿರಲಿಲ್ಲವೇ? ಇದ್ದರು. ಬೆಳ್ತಂಗಡಿ, ಕಾರ್ಕಳದ ಕಡೆಯ ಘಟ್ಟದ ಇಳಿಜಾರಿನಲ್ಲಿ ಮಲೆಕುಡಿಯರು. ಶೃಂಗೇರಿ, ಮೂಡಿಗೆರೆಯ ಕಡೆ ಗೌಡಲು ಸಮುದಾಯ. ಕಾನಿನಲ್ಲಿ ಜೇನು, ಸೀಗೆ, ಉಪ್ಪಾಗೆ, ರಾಮಪತ್ರೆ ಆಯ್ದು, ಹಡ್ಲಿನಲ್ಲಿ ಒಂದಿಷ್ಟು ಗದ್ದೆ ಮಾಡಿ, ಏಲಕ್ಕಿ ತೋಟದಲ್ಲಿ ದುಡಿದು ಬದುಕಿದವರು. ಎರಡೂ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವ ಸಮುದಾಯಗಳು. ಯಾವ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ದರೆ ಯಾವ ಮಳೆಗೆ ಜಾರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಗಣಿಯ ನಕ್ಷೆ ಬರೆಯುವಾಗ ಆ ತಿಳಿವಳಿಕೆಗೆ ಜಾಗವಿರಲಿಲ್ಲ.

ಗಣಿಯಿಂದ ನದಿಗೆ ಏನಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕುದುರೆಮುಖದ ಗುಡ್ಡಗಳ ನೆತ್ತಿಯಲ್ಲಿ ಹುಲ್ಲುಗಾವಲು, ಮಡಿಲಲ್ಲಿ ಶೋಲಾ ಕಾಡು. ಕೆಲವು ಕಡೆ ವರ್ಷಕ್ಕೆ 7,000 ಮಿಲಿಮೀಟರ್ ವರೆಗೆ ಮಳೆ. ಅಷ್ಟು ಮಳೆ ಬಿದ್ದರೂ ಅಲ್ಲಿನ ಹಳ್ಳದ ನೀರು ಆಷಾಢದಲ್ಲೂ ಹೆಚ್ಚು ಕದಡುವುದಿಲ್ಲ. ಕಾರಣ, ಹುಲ್ಲಿನ ದಟ್ಟ ಬೇರು ಮೇಲ್ಮಣ್ಣನ್ನು ಹೆಣೆದು ಹಿಡಿದಿರುತ್ತದೆ. ಬಿದ್ದ ಹನಿ ಮೊದಲು ಹುಲ್ಲಿನ ಗರಿಗೆ ತಾಗಿ, ಬುಡಕ್ಕೆ ಇಳಿದು, ನಿಧಾನವಾಗಿ ಇಂಗಿ, ಕೆಳಗಿನ ಶೋಲಾದ ಬೇರುಗಳ ನಡುವೆ ಒರತೆಯಾಗಿ ಹೊರಡುತ್ತದೆ. ಈಗ ಆ ಹುಲ್ಲನ್ನು ಕೆತ್ತಿ, ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಹನಿ ನೇರವಾಗಿ ಬೆತ್ತಲೆ ಮಣ್ಣಿಗೆ ಬೀಳುತ್ತದೆ. ಸಣ್ಣ ಗೀರು ಕೊರಕಲಾಗುತ್ತದೆ, ಕೊರಕಲು ಕೂಡಿ ತೋಡಾಗುತ್ತದೆ, ತೋಡು ಹೊಳೆಗೆ ಸೇರುತ್ತದೆ. ಜಡಿಮಳೆಯ ಕೆಲವೇ ದಿನಗಳಲ್ಲಿ ವರ್ಷದ ಬಹುಪಾಲು ಹೂಳು ಕೆಳಗಿಳಿದುಬಿಡುತ್ತದೆ. ಜಲವಿಜ್ಞಾನಿ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಭದ್ರೆಯ ಮೇಲ್ಭಾಗದಲ್ಲಿ ಮಳೆಗಾಲದ ಹೂಳನ್ನು ಅಳೆದು ನೋಡಿದರು. ಜಲಾನಯನದ ಒಟ್ಟು ವಿಸ್ತಾರದಲ್ಲಿ ಗಣಿಯದು ತೀರ ಸಣ್ಣ ತುಣುಕು, ಆದರೆ ನದಿಗಿಳಿದ ಹೂಳಿನಲ್ಲಿ ಅದರ ಪಾಲು ಬಹಳ ದೊಡ್ಡದು ಎಂಬುದು ಅವರ ಅಳತೆಯಿಂದ ತಿಳಿಯಿತು.

ಆ ಹೂಳು ಎಲ್ಲಿಗೆ ಹೋಗುತ್ತದೆ? ಲಕ್ಕವಳ್ಳಿಯ ಜಲಾಶಯಕ್ಕೆ. 71.5 ಟಿಎಂಸಿ ನೀರು ಹಿಡಿಯುವ ಆ ಒಡಲಿನಲ್ಲಿ ಹೂಳು ಕೂತಷ್ಟೂ ನೀರಿನ ಜಾಗ ಕಡಿಮೆ. ಭದ್ರಾ ಅಚ್ಚುಕಟ್ಟಿನ ರೈತ ಶಿವಮೊಗ್ಗದವನಾಗಲಿ ದಾವಣಗೆರೆಯವನಾಗಲಿ, ಬೇಸಿಗೆ ಬೆಳೆಗೆ ಎಷ್ಟು ದಿನ ನಾಲೆಗೆ ನೀರು ಬಿಡುತ್ತಾರೆ ಎಂದು ಕಾದು ಕೂರುತ್ತಾನೆ. ಅವನ ಲೆಕ್ಕದಲ್ಲಿ ಕುದುರೆಮುಖದ ಮಣ್ಣೂ ಒಂದು ಸಾಲು. ಮೇಲಿನ ಮಲೆಕುಡಿಯನೂ ಕೆಳಗಿನ ಭತ್ತದ ರೈತನೂ ಒಬ್ಬರನ್ನೊಬ್ಬರು ನೋಡಿಲ್ಲದಿರಬಹುದು. ನದಿ ಮಾತ್ರ ಇಬ್ಬರನ್ನೂ ಒಂದೇ ನಷ್ಟಕ್ಕೆ ಪಾಲುದಾರರನ್ನಾಗಿ ಮಾಡಿದೆ.

1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಸರ್ಕಾರ ಘೋಷಿಸಿತು. ಕಂಪನಿ ಹುಟ್ಟುವ ಮೊದಲೇ ಆರಂಭವಾಗಿದ್ದ ಗಣಿಯ 30 ವರ್ಷದ ಗುತ್ತಿಗೆ 1999ರ ಜುಲೈಗೆ ಮುಗಿಯಿತು. ಮುಂದುವರಿಸಬೇಕೆಂದು ಕಂಪನಿ, ನಿಲ್ಲಿಸಬೇಕೆಂದು ಪರಿಸರದ ಕಾಳಜಿಯ ಜನ. ವನ್ಯಜೀವಿ ಸಂಘಟನೆಯಾದ ವೈಲ್ಡ್‌ಲೈಫ್ ಫಸ್ಟ್ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. ಆಗಲೇ ಅಗೆದಿದ್ದ ಜಾಗದಲ್ಲಿ ಮಾತ್ರ 2005ರ ಕೊನೆಯವರೆಗೆ ಗಣಿ ನಡೆಯಬಹುದು, ಆಮೇಲೆ ಇಲ್ಲ. ಹಾಗೆಯೇ ಆಯಿತು. ದೇಶದ ಪರಿಸರ ಚರಿತ್ರೆಯಲ್ಲಿ ಇದು ದೊಡ್ಡ ಗೆಲುವು, ಅದಕ್ಕಾಗಿ ಹೋರಾಡಿದವರಿಗೆ ನಾವೆಲ್ಲ ಋಣಿಗಳು. ಅದೇ ಹೊತ್ತಿಗೆ ಒಂದು ಊರೂ ಖಾಲಿಯಾಯಿತು. ಗಣಿಯನ್ನೇ ನಂಬಿದ್ದ ಸಂಸಾರಗಳು ಗಂಟುಮೂಟೆ ಕಟ್ಟಿದವು.

ಆದರೆ ಕಾಡಿನೊಳಗಿನ ಜನರ ಪಾಲಿಗೆ ಈ ಗೆಲುವು ಬೇರೆಯೇ ಬಣ್ಣದ್ದಾಗಿತ್ತು. ಗಣಿ ಬಂದಾಗ ಅವರನ್ನು ಯಾರೂ ಕೇಳಿರಲಿಲ್ಲ. ಗಣಿ ಹೋದಾಗ, ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ತಮ್ಮನ್ನೂ ಹೊರಗೆ ಕಳಿಸುತ್ತಾರೆಂಬ ಭಯ ಹುಟ್ಟಿತು. ಅವರು ಸಂಘಟಿತರಾಗಿ ಉದ್ಯಾನದ ವಿರುದ್ಧವೇ ದನಿ ಎತ್ತಿದರು. ಹುಲ್ಲು ಕೊಯ್ಯಬಾರದು, ಜೇನು ಬಿಡಿಸಬಾರದು, ದಾರಿ ಮಾಡಬಾರದು, ಕರೆಂಟು ಬರಬಾರದು ಎಂಬ ನಿಯಮಗಳು ಒಂದು ಕಡೆ. ದೊಡ್ಡ ಯಂತ್ರಗಳಿಂದ ಗುಡ್ಡವನ್ನೇ ಬಗೆದದ್ದು ಇನ್ನೊಂದು ಕಡೆ. ಈ ಎರಡನ್ನೂ ಕಣ್ಣಾರೆ ಕಂಡ ಜನರಿಗೆ ನ್ಯಾಯದ ಮೇಲೆ ಎಷ್ಟು ನಂಬಿಕೆ ಉಳಿದೀತು? ಆ ಮಲೆಗಳಲ್ಲಿ ಮುಂದಿನ ವರ್ಷಗಳಲ್ಲಿ ಬಂದೂಕಿನ ಸದ್ದು ಕೇಳಿದ್ದಕ್ಕೆ ಈ ಅಪನಂಬಿಕೆಯೂ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ.

ಗಣಿ ನಿಂತು ಎರಡು ದಶಕಗಳಾದವು. ಅಲ್ಲಿಯ ನೆಲದ ಪುನಶ್ಚೇತನದ ವಿಚಾರ ಬಹುಮಟ್ಟಿಗೆ ಕಂಪನಿ ಮತ್ತು ಸರ್ಕಾರದ ಇಲಾಖೆಗಳ ನಡುವಿನ ಪತ್ರವ್ಯವಹಾರವಾಗಿಯೇ ಸಾಗಿದೆ. 2024ರಲ್ಲಿ ಅದೇ ಕಂಪನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಅರಣ್ಯಭೂಮಿ ಕೊಡುವ ಪ್ರಶ್ನೆ ಬಂದಾಗ, ಮೊದಲು ಕುದುರೆಮುಖದ ಹಳೆಯ ಬಾಕಿ ತೀರಿಸಲಿ ಎಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು. ಬಾಕಿ ಎಷ್ಟು, ಕೊಡಬೇಕಾದವರು ಯಾರು, ಪಡೆಯಬೇಕಾದವರು ಯಾರು ಎಂಬ ಚರ್ಚೆ ನಡೆಯಿತು. ಆ ಹಣದಿಂದ ಯಾವ ಹಳ್ಳಕ್ಕೆ ಏನಾಗಬೇಕು ಎಂದು ಮಲೆಕುಡಿಯರ ಹಾಡಿಗೆ ಹೋಗಿ ಕೇಳುವ ಮಾತು ಆ ಚರ್ಚೆಯಲ್ಲಿ ಕೇಳಿಬರಲಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ದೇಶದಲ್ಲಿ 2003ರಿಂದ ಕಬ್ಬಿಣದ ಅದಿರಿನ ಪ್ರತಿ ಗಣಿಗೂ ಮುಚ್ಚುಗಡೆ ಯೋಜನೆ ಕಡ್ಡಾಯ. ಗಣಿ ನಡೆಯುತ್ತಿರುವಾಗಲೇ ಹಂತಹಂತವಾಗಿ ನೆಲ ಸರಿಪಡಿಸಬೇಕು, ಅದಕ್ಕೆ ಠೇವಣಿಯನ್ನೂ ಇಡಬೇಕು, ಕೊನೆಗೆ ಕೆಲಸವೆಲ್ಲ ಯೋಜನೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ಪಡೆಯಬೇಕು. ಆ ಪತ್ರ ಕೊಡುವವರು ಅಧಿಕಾರಿಗಳು. ತಪ್ಪಿಲ್ಲ, ತಾಂತ್ರಿಕ ಪರಿಶೀಲನೆ ಬೇಕೇ ಬೇಕು. ಆದರೆ ಅಧಿಕಾರಿ ವರ್ಷದಲ್ಲಿ ಒಂದೆರಡು ಸಲ ಬಂದು ಹೋಗುತ್ತಾರೆ, ಮತ್ತೆ ವರ್ಗವಾಗಿ ಹೋಗುತ್ತಾರೆ. ಆ ಹಳ್ಳದ ನೀರನ್ನು ದಿನವೂ ಕುಡಿಯುವವಳ ರುಜು ಆ ಪತ್ರದಲ್ಲಿ ಇಲ್ಲ. ನನ್ನ ತಕರಾರು ಇಷ್ಟೇ.

ಉಂಡವರೇ ಎಲೆ ಎತ್ತಬೇಕು ಎಂಬುದು ನಮ್ಮ ಮನೆಗಳ ಪದ್ಧತಿ. ಜಗತ್ತಿನ ಬೇರೆ ಕಡೆ ಈ ಪದ್ಧತಿ ಹೇಗೆ ನಡೆದಿದೆ ಎಂದು ಎರಡು ಉದಾಹರಣೆ ನೋಡೋಣ.

ಆಸ್ಟ್ರೇಲಿಯಾದ ಉತ್ತರದಲ್ಲಿ ಕಾಕಡು ಎಂಬ ದೊಡ್ಡ ರಾಷ್ಟ್ರೀಯ ಉದ್ಯಾನವಿದೆ. ಅದರ ನಟ್ಟನಡುವೆ ರೇಂಜರ್ ಎಂಬ ಯುರೇನಿಯಂ ಗಣಿ. ಆ ನೆಲದ ಪಾರಂಪರಿಕ ಒಡೆಯರು ಮಿರಾರ್ ಜನ. 1970ರ ದಶಕದಲ್ಲಿ ಅವರು ಬೇಡವೆಂದರೂ ಗಣಿ ಬಂತು. ಪಕ್ಕದ ಜಬಿಲುಕಾದಲ್ಲಿ ಇನ್ನೊಂದು ಗಣಿ ತೆರೆಯಲು ಹೊರಟಾಗ, 1998ರಲ್ಲಿ ಅವರು ಸಾವಿರಾರು ಜನರ ಬೆಂಬಲದೊಂದಿಗೆ ದಾರಿಗೆ ಅಡ್ಡಲಾಗಿ ನಿಂತರು. 2005ರಲ್ಲಿ ಕಂಪನಿ ಒಪ್ಪಂದಕ್ಕೆ ಬಂತು. ಮಿರಾರ್ ಜನರ ಒಪ್ಪಿಗೆಯಿಲ್ಲದೆ ಜಬಿಲುಕಾದಲ್ಲಿ ಗಣಿಗಾರಿಕೆ ಇಲ್ಲ ಎಂದಾಯಿತು. ರೇಂಜರ್ ಗಣಿಯಲ್ಲಿ 2021ರ ಜನವರಿಯಲ್ಲಿ ಅದಿರು ಸಂಸ್ಕರಣೆ ನಿಂತಿತು. ಈಗ ಅಲ್ಲಿ ನಡೆಯುತ್ತಿರುವುದು ನೆಲ ಸರಿಪಡಿಸುವ ಕೆಲಸ. ವಿಷದ ಕೆಸರನ್ನೆಲ್ಲ ಗಣಿಯ ಹೊಂಡಕ್ಕೇ ಮರಳಿಸಿ, 10,000 ವರ್ಷ ಅದು ಪರಿಸರಕ್ಕೆ ಸೇರದಂತೆ ನೋಡಿಕೊಳ್ಳಬೇಕೆಂಬುದು ಷರತ್ತು. ಖರ್ಚು ಅಂದಾಜನ್ನು ಮೀರಿ ಬೆಳೆದಿದೆ, ಗಡುವೂ ಮುಂದಕ್ಕೆ ಹೋಗಿದೆ. ಹಾಗಾಗಿ ಅದನ್ನು ನಾನು ಚಿನ್ನದಂಥ ಮಾದರಿಯೆಂದು ಹೊಗಳುತ್ತಿಲ್ಲ. ಅಲ್ಲಿಂದ ಕಲಿಯಬೇಕಾದ ಸಂಗತಿ ಒಂದಿದೆ. ನೆಲ ಸುಧಾರಿಸಿತೇ ಎಂದು ಅಳೆಯುವ ಗುರುತುಗಳಲ್ಲಿ ನೀರಿನ ರಸಾಯನಶಾಸ್ತ್ರದ ಜೊತೆಗೆ ಮಿರಾರ್ ಜನರ ಸಾಂಸ್ಕೃತಿಕ ಗುರುತುಗಳೂ ಸೇರಿವೆ. ಆ ನೆಲದಲ್ಲಿ ಅವರು ಮತ್ತೆ ಓಡಾಡಿ ಬದುಕುವಂತಾಗಬೇಕು, ಅವರ ಪವಿತ್ರ ತಾಣಗಳಿಗೆ ಧಕ್ಕೆ ಬರಬಾರದು. ಅವರ ಸಂಸ್ಥೆ ಮಾತುಕತೆಯ ಮೇಜಿನಲ್ಲಿ ಹಕ್ಕಿನಿಂದ ಕೂತಿದೆ.

ಎರಡನೆಯದು ಕೆನಡಾದ ಯೆಲ್ಲೋನೈಫ್ ಪಟ್ಟಣದ ಜೈಂಟ್ ಎಂಬ ಚಿನ್ನದ ಗಣಿ. 1948ರಿಂದ 2004ರವರೆಗೆ ನಡೆಯಿತು. ಚಿನ್ನದ ಅದಿರನ್ನು ಹುರಿಯುವಾಗ ಹೊರಬಿದ್ದ ಆರ್ಸೆನಿಕ್ ಎಂಬ ಭಯಂಕರ ವಿಷದ ಪುಡಿ 2,37,000 ಟನ್ ಇಂದಿಗೂ ಅಲ್ಲಿಯ ನೆಲದಡಿಯ ಕೋಣೆಗಳಲ್ಲಿದೆ. ಮೊದಲ ವರ್ಷಗಳಲ್ಲಿ ಅದು ಹೊಗೆಯಾಗಿ ಹೊರಬಂದು ಹಿಮದ ಮೇಲೆ ಕೂತಿತು. ಆ ಹಿಮವನ್ನೇ ಕರಗಿಸಿ ಕುಡಿಯುತ್ತಿದ್ದ ಡೆನೆ ಬುಡಕಟ್ಟಿನ ಒಂದು ಮಗು 1951ರಲ್ಲಿ ಸತ್ತಿತು. ಮುಂದೆ ಕಂಪನಿ ದಿವಾಳಿಯೆದ್ದಿತು. ವಿಷ ಸರ್ಕಾರದ ತಲೆಗೆ ಬಂತು. ಆ ಪುಡಿಯನ್ನು ಹಾಗೆಯೇ ನೆಲದಡಿಯಲ್ಲಿ ಹೆಪ್ಪುಗಟ್ಟಿಸಿ ಇಡುವುದೆಂದು ತೀರ್ಮಾನವಾಯಿತು. ಅದನ್ನು ಕಾಯುವ ಕೆಲಸಕ್ಕೆ ಕೊನೆಯೇ ಇಲ್ಲ. ಡೆನೆ ಜನರೂ ಪಟ್ಟಣದ ಜನರೂ ಹಟ ಹಿಡಿದದ್ದರಿಂದ 2015ರಲ್ಲಿ ಒಂದು ಒಪ್ಪಂದವಾಗಿ ಸ್ವತಂತ್ರ ಉಸ್ತುವಾರಿ ಮಂಡಳಿ ಬಂತು. ಮೂಲನಿವಾಸಿಗಳು ಆ ಒಪ್ಪಂದದ ಪಾಲುದಾರರು. ಕೆಲಸ ಮಾಡುವವರೇ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿಯ ನಿಲುವು. ಜೈಂಟ್ ಗಣಿ ನಮಗೆ ಕಲಿಸುವ ಇನ್ನೊಂದು ಪಾಠ, ಶುದ್ಧೀಕರಣದ ಹಣವನ್ನು ಗಣಿ ಲಾಭದಲ್ಲಿರುವಾಗಲೇ ಎತ್ತಿಡಬೇಕು. ಲಾಭ ಹಂಚಿಕೊಂಡು ಹೋದವರನ್ನು ಆಮೇಲೆ ಹುಡುಕುವುದು ಕಷ್ಟ.

ನಮ್ಮ ದೇಶದಲ್ಲೂ ದಾರಿ ತೋರುವ ತೀರ್ಪುಗಳಿಲ್ಲದೆ ಇಲ್ಲ. 2013ರ ಏಪ್ರಿಲ್ 18 ಎಂಬ ತಾರೀಖನ್ನು ನೆನಪಿಡಿ. ಅಂದು ಸುಪ್ರೀಂ ಕೋರ್ಟು ಎರಡು ಗಣಿ ತೀರ್ಪುಗಳನ್ನು ಕೊಟ್ಟಿತು. ಒಂದು ಒಡಿಶಾದ ನಿಯಮಗಿರಿಯದು. ಆ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎಂದು ಡೋಂಗ್ರಿಯಾ ಕೊಂಧರ ಗ್ರಾಮಸಭೆಗಳೇ ನೋಡಲಿ ಎಂದಿತು. 12 ಹಳ್ಳಿಗಳ ಸಭೆಗಳು ಸೇರಿದವು, ಹನ್ನೆರಡೂ ಬೇಡವೆಂದವು. ಇನ್ನೊಂದು ತೀರ್ಪು ನಮ್ಮ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಗಣಿಗಳದು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ ದಾವೆ. ಅಕ್ರಮ ಮಿತಿಮೀರಿದ್ದ ಗುತ್ತಿಗೆಗಳು ರದ್ದಾದವು. ಉಳಿದ ಗಣಿಗಳು ಮತ್ತೆ ಶುರುವಾಗಬೇಕಾದರೆ ಮೊದಲು ನೆಲ ಸುಧಾರಿಸುವ ಯೋಜನೆ ಜಾರಿಯಾಗಬೇಕು ಎಂದಾಯಿತು. ತಡೆ ಒಡ್ಡು ಎಲ್ಲಿ, ಹೂಳು ನಿಲ್ಲುವ ಹೊಂಡ ಎಲ್ಲಿ, ಕಸದ ಗುಡ್ಡೆಗೆ ತಡೆಗೋಡೆ ಎಷ್ಟು ಎಂದು ಗಣಿಗಣಿಗೂ ನಕ್ಷೆಯಾಯಿತು. ಮಾರಿದ ಅದಿರಿನ ಬೆಲೆಯಲ್ಲಿ ಒಂದು ಪಾಲು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ ಎತ್ತಿಡಬೇಕಾಯಿತು. ಅದಕ್ಕಾಗಿ 2014ರಲ್ಲಿ ಒಂದು ನಿಗಮವೂ ಹುಟ್ಟಿತು.

ಹಣ ಸಾವಿರಾರು ಕೋಟಿಯಾಗಿ ಬೆಳೆಯಿತು. ಆದರೆ ವರ್ಷಗಟ್ಟಲೆ ಅದು ಖಾತೆಯಲ್ಲೇ ಕೂತಿತು, ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಈ ನಡುವೆ ಕೆಂಪು ಧೂಳು ಮೆತ್ತಿದ ಹೊಲಗಳಲ್ಲಿ ದುಡಿಯುತ್ತಿದ್ದ ಸಂಡೂರಿನ ರೈತರು, ಅವರಲ್ಲಿ ಬಹಳಷ್ಟು ವಾಲ್ಮೀಕಿ ನಾಯಕರು, ಕಾದರು. ನಿಯಮಗಿರಿಯಲ್ಲಿ ಜನರ ಬಾಯಿಗೆ ಅಧಿಕಾರ ಸಿಕ್ಕಿತು. ಸಂಡೂರಿನಲ್ಲಿ ಪುನಶ್ಚೇತನಕ್ಕೆ ಹಣ ಸಿಕ್ಕಿತು. ಒಂದೇ ದಿನ ಬಂದ ಈ ಎರಡು ನ್ಯಾಯಗಳನ್ನು ಒಂದೇ ಊರಿನಲ್ಲಿ ಕೂಡಿಸುವ ಕೆಲಸ ಬಾಕಿ ಉಳಿದಿದೆ. ಭದ್ರೆಯ ತಲೆಯಲ್ಲಿ ಅವನ್ನು ಕೂಡಿಸಬಹುದು ಎಂಬುದು ನನ್ನ ನಂಬಿಕೆ.

ಇದಕ್ಕೆ ಹೊಸ ಕಾನೂನಿನ ದಾರಿ ಕಾಯಬೇಕಿಲ್ಲ. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯ ಪ್ರದೇಶಗಳಿಲ್ಲ, ಹಾಗಾಗಿ ಒಡಿಶಾದ ಆದಿವಾಸಿಗಳಿಗಿರುವ ಕೆಲವು ರಕ್ಷಣೆಗಳು ನಮ್ಮವರಿಗಿಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆ ಇಲ್ಲಿಯೂ ಇದೆ, ರಾಷ್ಟ್ರೀಯ ಉದ್ಯಾನದ ಒಳಗೂ ಅನ್ವಯಿಸುತ್ತದೆ. ಆ ಕಾಯ್ದೆಯ ಐದನೆಯ ಸೆಕ್ಷನ್ನು ಗ್ರಾಮಸಭೆಗೆ ಕಾಡನ್ನೂ ವನ್ಯಜೀವಿಯನ್ನೂ ಕಾಯುವ, ಸುತ್ತಲಿನ ಜಲಾನಯನ ಮತ್ತು ನೀರಿನ ಸೆಲೆಗಳಿಗೆ ರಕ್ಷಣೆಯಿದೆಯೇ ಎಂದು ನೋಡಿಕೊಳ್ಳುವ ಅಧಿಕಾರ ಕೊಟ್ಟಿದೆ. ವೈಯಕ್ತಿಕ ಭೂಮಿಯ ಹಕ್ಕುಪತ್ರದ ಸುತ್ತಲೇ ನಮ್ಮ ಚರ್ಚೆ ನಿಂತುಹೋಗಿದೆ. ನೀರಿನ ಸೆಲೆ ಕಾಯುವ ಈ ಅಧಿಕಾರವನ್ನು ಕಾಗದದಿಂದ ನೆಲಕ್ಕೆ ಇಳಿಸಿದರೆ, ಗಣಿ ನೆಲದ ಪುನಶ್ಚೇತನದಲ್ಲಿ ಬುಡಕಟ್ಟು ಗ್ರಾಮಸಭೆ ಹಕ್ಕಿನಿಂದ ಕೂರಬಹುದು.

ಕೂತು ಅವರು ಏನು ಹೇಳಿಯಾರು? ಒಂದೇ ಉದಾಹರಣೆ ಸಾಕು. ಗಣಿ ನೆಲ ಹಸಿರಾಗಿಸಬೇಕೆಂದ ಕೂಡಲೇ ನಮ್ಮಲ್ಲಿ ಗಿಡ ನೆಡುತ್ತಾರೆ. ಬೇಗ ಬೆಳೆಯುತ್ತದೆಂದು ಅಕೇಶಿಯಾ ನೆಡುತ್ತಾರೆ. ಲೆಕ್ಕಕ್ಕೆ ಲಕ್ಷ ಗಿಡ ಸಿಗುತ್ತದೆ, ಫೋಟೋಕ್ಕೆ ಹಸಿರು ಸಿಗುತ್ತದೆ. ಆದರೆ ಕುದುರೆಮುಖದ ನೆತ್ತಿ ಹುಲ್ಲಿನ ನಾಡು. ಅಲ್ಲಿ ಮೊದಲು ಬರಬೇಕಾದ್ದು ಹುಲ್ಲು, ಹಳ್ಳದ ಮಡಿಲಲ್ಲಿ ಶೋಲಾದ ಮರ. ಬ್ಯಾಣದ ಹುಲ್ಲಿನಲ್ಲಿ ಯಾವುದು ಬೆತ್ತಲೆ ದರೆಯಲ್ಲಿ ಬೇರು ಬಿಟ್ಟೀತು, ಅದರ ಬೀಜ ಯಾವ ತಿಂಗಳಲ್ಲಿ ಬಲಿಯುತ್ತದೆ, ಮಳೆ ಹಿಡಿಯುವ ಎಷ್ಟು ದಿನ ಮೊದಲು ಹಾಕಬೇಕು ಎಂಬುದನ್ನು ದನ ಕಾದವನು, ಸೂರಿಗೆ ಹುಲ್ಲು ಕೊಯ್ದವಳು ಹೇಳಬಲ್ಲರು. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಇಳಿಜಾರಿನಲ್ಲಿ ಕಲ್ಲು ಒಟ್ಟಿ ಸಣ್ಣ ಕಟ್ಟ ಹಾಕುವುದು, ಸೊಪ್ಪು ಸದೆ ಹರಡಿ ಹನಿಯ ಹೊಡೆತ ತಡೆಯುವುದು, ಅಂಚಿಗೆ ಲಾವಂಚ ನೆಟ್ಟು ಮಣ್ಣು ಹಿಡಿಸುವುದು ಮಲೆನಾಡಿನ ಕೈಗಳಿಗೆ ಬರುವ ಕೆಲಸ. ಗಣಿ ಮಾಡಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತನ್ನು ಗುತ್ತಿಗೆಯಲ್ಲೇ ಹಾಕಿ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ವಿಜ್ಞಾನಿಯ ಅಳತೆಯೂ ಹುಲ್ಲು ಕೊಯ್ದವಳ ನೆನಪೂ ಒಂದೇ ನಕ್ಷೆಯಲ್ಲಿ ಕೂಡಿದರೆ ನೆಲಕ್ಕೆ ಬೇಗ ಜೀವ ಬರುತ್ತದೆ.

ಹಾಗಾದರೆ ನಿಜವಾದ ಪಾಲುದಾರಿಕೆ ಎಂದರೆ ಏನೇನಿರಬೇಕು? ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಹಣ ಕಂಪನಿಯದು, ಆದರೆ ಅದು ಕಂಪನಿಯ ದಾನವಲ್ಲ. ಶಾಲೆಗೆ ಬೆಂಚು, ದೇವಸ್ಥಾನಕ್ಕೆ ಬಣ್ಣ ಕೊಟ್ಟು ಹೂಳಿನ ಲೆಕ್ಕ ಮುಚ್ಚಬಾರದು. ಬೆಂಚು ಕೊಟ್ಟರೆ ಸಂತೋಷ, ಅದು ಬೇರೆ ಖಾತೆ. ನೆಲ ಸರಿಪಡಿಸುವ ಹಣ ಕಾನೂನಿನ ಬಾಕಿ. ಅದು ಪ್ರತ್ಯೇಕವಾಗಿರಬೇಕು, ಎಷ್ಟಿದೆ ಎಂದು ಊರವರಿಗೆ ಕನ್ನಡದಲ್ಲಿ ಗೊತ್ತಾಗಬೇಕು.

ಎರಡನೆಯದು, ಕೆಲಸ ಅಲ್ಲಿನವರಿಗೆ. ಬೀಜ ಆಯುವುದು, ಸಸಿಮಡಿ, ಕಟ್ಟ ಹಾಕುವುದು, ನೀರು ಅಳೆಯುವುದು, ಇವುಗಳಿಗೆ ಹೊರಗಿನ ಗುತ್ತಿಗೆದಾರ ಬೇಕಿಲ್ಲ. ತರಬೇತಿ ಕೊಟ್ಟರೆ ಮಲೆಕುಡಿಯರ, ಗೌಡಲು ಸಮುದಾಯದ ಓದಿದ ಹುಡುಗ ಹುಡುಗಿಯರೇ ಮಾಡುತ್ತಾರೆ. ಗಣಿ ಮುಚ್ಚಿದರೆ ಕೆಲಸ ಹೋಯಿತು ಎಂಬ ಕೊರಗಿಗೆ ಇದೂ ಒಂದು ಉತ್ತರ. ನೆಲ ಕೆಡಿಸಲು 30 ವರ್ಷ ಕೂಲಿ ಕೊಟ್ಟಿದ್ದರೆ, ನೆಲ ಕಟ್ಟಲೂ 30 ವರ್ಷ ಕೂಲಿ ಕೊಡಬಹುದು.

ಮೂರನೆಯದು, ಕಾಡು ಕಟ್ಟಿದವರನ್ನೇ ಆಮೇಲೆ ಕಾಡಿನಿಂದ ಹೊರಗೆ ಕಳಿಸುವುದಿಲ್ಲ ಎಂಬ ಭರವಸೆ ಲಿಖಿತವಾಗಿರಬೇಕು. ಒಕ್ಕಲೆಬ್ಬಿಸುವ ಭಯ ತಲೆಯ ಮೇಲಿರುವಾಗ ಯಾರೂ ಮನಸ್ಸಿಟ್ಟು ಹುಲ್ಲು ನೆಡಲಾರರು. ತಾವಾಗಿಯೇ ಹೊರಗೆ ಹೋಗಬಯಸುವವರಿಗೆ ನ್ಯಾಯವಾದ ಪರಿಹಾರ, ಇರಬಯಸುವವರಿಗೆ ನೆಮ್ಮದಿ, ಎರಡೂ ಬೇಕು.

ನಾಲ್ಕನೆಯದು, ನಾನು ಆರಂಭದಿಂದ ಕೇಳುತ್ತಿರುವ ಮಾತು. ಕೆಲಸ ಮುಗಿಯಿತು ಎಂಬ ಪತ್ರಕ್ಕೆ ಅಧಿಕಾರಿಯ ರುಜುವಿನ ಜೊತೆ ಗ್ರಾಮಸಭೆಯ ನಿರ್ಣಯವೂ ಬೇಕು. ಮೂರು ಮಳೆಗಾಲ ಹಳ್ಳ ಕೆಂಪಾಗದೆ ಹರಿದಿದೆ, ಬೇಸಿಗೆಯಲ್ಲಿ ಒರತೆ ಮರಳಿದೆ ಎಂದು ಊರು ಒಪ್ಪಿದ ಮೇಲೆ ಕಂಪನಿಗೆ ಬಿಡುಗಡೆ. ಅಲ್ಲಿಯವರೆಗೆ ಠೇವಣಿ ಸರ್ಕಾರದ ಬಳಿಯಲ್ಲೇ ಇರಲಿ. ಈ ಒಂದು ರುಜು ಕಡ್ಡಾಯವಾದರೆ ಉಳಿದ ಮೂರೂ ತಾವಾಗಿ ಸರಿದಾರಿಗೆ ಬರುತ್ತವೆ. ಕೊನೆಯಲ್ಲಿ ಯಾರ ಒಪ್ಪಿಗೆ ಬೇಕೋ ಅವರನ್ನು ಮೊದಲಿನಿಂದಲೇ ಕರೆದು ಕೂರಿಸಬೇಕಾಗುತ್ತದೆ.

ಬಂಧುಗಳೇ, ಮೇಲಿನವರ ಮೇಲೆ ಹೊಣೆ ಹೊರಿಸಿ ಕೆಳಗಿನ ನಾವು ಸುಮ್ಮನಿರುವಂತಿಲ್ಲ. ಭದ್ರೆ ನಮ್ಮ ಊರಿಗೆ ಬರುವಾಗ ತಂದದ್ದಕ್ಕಿಂತ, ನಮ್ಮ ಊರು ದಾಟುವಾಗ ಹೊತ್ತೊಯ್ಯುವ ಕೊಳೆ ಹೆಚ್ಚು. ದಶಕಗಳ ಕಾಲ ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ತ್ಯಾಜ್ಯ ಹೊತ್ತಳು. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದರೂ ಊರಿನ ಚರಂಡಿ ನಿಂತಿಲ್ಲ. ಭದ್ರಾವತಿಯಿಂದ ಹೊಳೆಹೊನ್ನೂರಿನ ತನಕದ ಹರಿವು ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಗಳ ಪಟ್ಟಿಗೆ ಸೇರಿದೆ. ಶಿವಮೊಗ್ಗದ ಚರಂಡಿಯ ನೀರು ತುಂಗೆಗೆ ಸೇರುತ್ತದೆ. ಎರಡೂ ಕೂಡಲಿಯಲ್ಲಿ ಒಂದಾಗಿ ಮುಂದಿನ ಜಿಲ್ಲೆಗಳಿಗೆ ಹರಿಯುತ್ತವೆ. ಮೂಲದಲ್ಲಿರುವವರಿಂದ ನಾವು ಏನನ್ನು ಕೇಳುತ್ತೇವೋ, ಕೆಳಗಿನವರು ಅದನ್ನೇ ನಮ್ಮಿಂದ ಕೇಳಲು ಹಕ್ಕುಳ್ಳವರು.

ಹಾಗಾಗಿ ನಮ್ಮ ಕಡೆಯಿಂದ ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ, ಒಂದು ಲೀಟರಿನ ಪಾರದರ್ಶಕ ಬಾಟಲಿಗೆ ಹೊಳೆಯ ನೀರು ತುಂಬಿ, ಅಲುಗಾಡಿಸದೆ ಒಂದು ದಿನ ಇಡಿ. ತಳದಲ್ಲಿ ಕೂತ ಮಣ್ಣನ್ನು ಸ್ಕೇಲಿನಿಂದ ಅಳೆದು, ತಾರೀಖು ಹಾಕಿ, ಅಂದಿನ ಮಳೆ ಎಷ್ಟೆಂದು ಪಕ್ಕದಲ್ಲಿ ಬರೆಯಿರಿ. ಕಳಸದ ಶಾಲೆ, ಬಾಳೆಹೊನ್ನೂರಿನ ಶಾಲೆ, ಭದ್ರಾವತಿಯ ಶಾಲೆ, ಹೊಳೆಹೊನ್ನೂರಿನ ಶಾಲೆ ಹೀಗೆ ಬರೆದುಕೊಂಡು ಹೋದರೆ ಕೆಲವೇ ವರ್ಷಗಳಲ್ಲಿ ಭದ್ರೆಯ ಹೂಳಿನ ಜನರ ದಾಖಲೆ ಸಿದ್ಧವಾಗುತ್ತದೆ. ಇದು ಪ್ರಯೋಗಾಲಯದ ಅಳತೆಗೆ ಸಮನಲ್ಲ. ಆದರೆ ಯಾವ ವರ್ಷ ಹೂಳು ಏರಿತು, ಯಾವ ಊರಿನ ಮೇಲೆ ಏರಿತು ಎಂದು ವಿಜ್ಞಾನಿಗಳಿಗೂ ಅಧಿಕಾರಿಗಳಿಗೂ ತೋರಿಸಲು ಸಾಕು. ಅಚ್ಚುಕಟ್ಟಿನ ರೈತಸಂಘಗಳು ನಾಲೆಗೆ ನೀರು ಬಿಡಿ ಎಂದು ಸಭೆ ಸೇರಿದಾಗ, ನೀರಿನ ಮೂಲದಲ್ಲಿರುವ ಗ್ರಾಮಸಭೆಯ ಪ್ರತಿನಿಧಿಯನ್ನೂ ಆ ಸಭೆಗೆ ಕರೆಯಲಿ. ಜಿಲ್ಲೆಗಳ ಗಡಿ ಬೇರೆ, ನದಿಯ ಗಡಿ ಬೇರೆ. ಮಲೆಕುಡಿಯರ ದನಿಗೆ ಲಕ್ಷಾಂತರ ರೈತರ ದನಿ ಸೇರಿದರೆ ಯಾವ ಕಂಪನಿಯೂ ಯಾವ ಇಲಾಖೆಯೂ ಆ ಮಾತನ್ನು ತಳ್ಳಿಹಾಕಲಾರದು.

ಗಣಿ ಕಂಪನಿಗಳಲ್ಲಿ ಒಳ್ಳೆಯ ಇಂಜಿನಿಯರುಗಳಿದ್ದಾರೆ, ಅರಣ್ಯ ಇಲಾಖೆಯಲ್ಲಿ ಕಾಡನ್ನು ಪ್ರೀತಿಸುವ ಅಧಿಕಾರಿಗಳಿದ್ದಾರೆ, ಹಾಡಿಗಳಲ್ಲಿ ನೆಲ ಬಲ್ಲ ಹಿರಿಯರಿದ್ದಾರೆ. ಮೂವರೂ ಸಮಾನರಾಗಿ ಒಂದೇ ಜಮಖಾನದ ಮೇಲೆ ಕೂರುವ ಏರ್ಪಾಡು ಮಾತ್ರ ಇಲ್ಲ. ಆ ಏರ್ಪಾಡು ಮಾಡುವುದು ಸರ್ಕಾರದ ಕೆಲಸ, ಮಾಡಿ ಎಂದು ಒತ್ತಾಯಿಸುವುದು ಭದ್ರೆಯ ನೀರು ಕುಡಿದ ನಮ್ಮೆಲ್ಲರ ಕೆಲಸ. ಕುದುರೆಮುಖದ ನೆಲದ ಬಗ್ಗೆ ಮುಂದಿನ ತೀರ್ಮಾನ ಯಾವುದೇ ಆಗಲಿ, ಅದರ ಕಡತದಲ್ಲಿ ಅಲ್ಲಿಯ ಗ್ರಾಮಸಭೆಯ ನಿರ್ಣಯ ಇರಲೇಬೇಕು ಎಂದು ನಮ್ಮ ಶಾಸಕರನ್ನು, ಸಂಸದರನ್ನು, ಪಂಚಾಯಿತಿ ಸದಸ್ಯರನ್ನು ಕೇಳಿ. ಪತ್ರ ಬರೆದು ಕೇಳಿ, ಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರ ಬರುವವರೆಗೂ ಕೇಳಿ.